ಕೂಡಿದವರಿಗೆ ಬೀಳುವ ಒದೆ

ನನ್ನ ಕಾಕಾನಿಂದ ಮುರಿದ ಮದುವೆಗಳು ಎಷ್ಟು ಎಂದು ಯಾರಾದರೂ ಕೇಳಿದರೆ ಒಂದೂ ಇಲ್ಲ ಎಂದೇ ನಾನು ಹೇಳುತ್ತೇನೆ. ಅವನು ಯಾರ ಮದುವೆಗೂ ಅಡ್ಡಗಾಲು ಹಾಕಿದವನಲ್ಲ. ಚಾಡಿ ಹೇಳಿದವನಲ್ಲ, ಹುಡುಗನ ಕುಡಿತದ ಸುದ್ದಿ ಹಬ್ಬಿಸಿದವನಲ್ಲ, ಊಟದಲ್ಲಿ ಉಪ್ಪು ಕಡಿಮೆ ಎಂದವನೂ ಅಲ್ಲ. ಅವನು ಮಾಡುವುದು ಇಷ್ಟೇ. ಮದುವೆಗೆ ಬರುತ್ತಾನೆ, ಅಕ್ಕಿಕಾಳು ಹಾಕುತ್ತಾನೆ, ಪಂಕ್ತಿಯಲ್ಲಿ ಕೂರುತ್ತಾನೆ, ಬಾಜೂ ಕುಳಿತವರಿಗೆ ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದು ಒಂದಾದರೆ ಮುಂದೇನಾಗುತ್ತದೆ ಎಂದು ವಿವರಿಸುತ್ತಾನೆ. ಇಷ್ಟಕ್ಕೇ ತಂಬೂರದಿಂದ ಅಳ್ನಾವರದವರೆಗೆ ಅವನಿಗೆ ಲಗ್ನಪತ್ರಿಕೆ ಕೊಡಲು ಬರುವವರೆಲ್ಲ, ‘ಬರ್ರಿ ಮಾಸ್ತರ, ತಪ್ಪಸಬ್ಯಾಡ್ರಿ, ಉಂಡು ಹೋಗ್ರಿ, ಆದರ ಏನೂ ಮಾತಾಡಬ್ಯಾಡ್ರಿ’ ಎಂದು ಕೈಮುಗಿದು ಹೋಗುತ್ತಾರೆ.

ಕಾಕಾ ಎಂದರೆ ನನ್ನ ಅಪ್ಪನ ಕೊನೆಯ ತಮ್ಮ. ಹೈಸ್ಕೂಲಿನಲ್ಲಿ ಗಣಿತ ಮತ್ತು ವಿಜ್ಞಾನ ಕಲಿಸಿ ನಿವೃತ್ತನಾದವನು. ಮದುವೆಯಾಗಲಿಲ್ಲ. ತಂಬೂರದ ನಮ್ಮ ಮನೆಯಲ್ಲಿ ಹುಟ್ಟಿದ, ಅಲ್ಲೇ ಬೆಳೆದ, ಅಲ್ಲಿಂದಲೇ ಸೈಕಲ್ ಹತ್ತಿ ಶಾಲೆಗೆ ಹೋದ, ಈಗಲೂ ಅಲ್ಲೇ ಪಡಸಾಲೆಯ ಬಾಜೂ ಖೋಲಿಯಲ್ಲಿ ಇದ್ದಾನೆ. ನಾನು ಮಾತ್ರ ಮದುವೆಯಾಗಿ ಕಲಘಟಗಿಗೆ ಬಂದೆ. ‘ನೋಡು, ನೀನ ಸಾಕ್ಷಿ. ಕೂಡಿದಿ, ಊರು ಬಿಟ್ಟಿ’ ಎಂದು ಕಾಕಾ ಆಗಾಗ ಹೇಳುತ್ತಾನೆ. ತಂಬೂರಕ್ಕೂ ಕಲಘಟಗಿಗೂ ಎಷ್ಟು ದೂರ? ಬಸ್ಸು ಹತ್ತಿ ಶೇಂಗಾ ತಿಂದು ಮುಗಿಸುವಷ್ಟರಲ್ಲಿ ಊರು ಬರುತ್ತದೆ. ಆದರೂ ನಾನು ಅವನ ಸಿದ್ಧಾಂತಕ್ಕೆ ಸಾಕ್ಷಿ.

ಇನ್ನೊಂದು ವಿಷಯ ಹೇಳಲೇಬೇಕು. ಕಲಘಟಗಿಯ ಬಸ್ ಸ್ಟ್ಯಾಂಡಿನ ಎದುರಿಗೆ ನಾನು ಝೆರಾಕ್ಸ್ ಅಂಗಡಿ ನಡೆಸುತ್ತೇನೆ. ಝೆರಾಕ್ಸಿನಲ್ಲಿ ಬರುವುದು ಚಹಾದ ಖರ್ಚಿಗೂ ಸಾಲದು. ಅಂಗಡಿ ನಿಂತಿರುವುದು ಲಗ್ನಪತ್ರಿಕೆಗಳ ಮೇಲೆ. ಗೋಡೆಯ ತುಂಬ ಮಾದರಿ ಪತ್ರಿಕೆಗಳನ್ನು ತೂಗುಹಾಕಿದ್ದೇನೆ; ಚಿನ್ನದ ಅಂಚಿನವು, ಬಸವಣ್ಣನ ಚಿತ್ರದವು, ತೆರೆದರೆ ಸನಾದಿ ನುಡಿಯುವವು. ಮದುವೆಗಳಿಂದಲೇ ಬದುಕುವ ಅಂಗಡಿ ಇದು. ಅದರೊಳಗೆ ಗಿರಾಕಿಗಳಿಗೆಂದು ಇಟ್ಟ ಒಂದೇ ಸ್ಟೂಲು. ನಿವೃತ್ತಿಯಾದ ಮೇಲೆ ಆ ಸ್ಟೂಲಿನ ಮೇಲೆ ದಿನಾ ಬಂದು ಕೂರುವವನು ನನ್ನ ಕಾಕಾ. ನನ್ನ ರಕ್ತದೊತ್ತಡಕ್ಕೆ ಡಾಕ್ಟರರು ಉಪ್ಪು ಕಾರಣ ಎನ್ನುತ್ತಾರೆ. ಪಾಪ, ಅವರಿಗೆ ಸ್ಟೂಲಿನ ವಿಷಯ ಗೊತ್ತಿಲ್ಲ.

ಈ ಕಪ್ಪುಕುಳಿಗಳು ಅವನಿಗೆ ಗಂಟುಬಿದ್ದದ್ದು ಧಾರವಾಡದಲ್ಲಿ. ಪೆನ್ಶನ್ ಕೆಲಸಕ್ಕೆಂದು ಹೋದವನು, ಸಾಹೇಬರು ಊಟಕ್ಕೆ ಹೋಗಿದ್ದಾರೆಂದು ತಿಳಿದು, ಹೊತ್ತು ಹೋಗಲಿ ಎಂದು ಬಾಜೂ ಕಾಲೇಜಿನಲ್ಲಿ ನಡೆದಿದ್ದ ಭಾಷಣಕ್ಕೆ ಹೋಗಿ ಕುಳಿತ. ಅಲ್ಲಿ ಫ್ಯಾನ್ ಇತ್ತಂತೆ. ಫ್ಯಾನಿಗಾಗಿ ಹೋದವನು ಬ್ರಹ್ಮಾಂಡವನ್ನೇ ಹೊತ್ತುಕೊಂಡು ಬಂದ. ಪೆನ್ಶನ್ ಕೆಲಸ ಆಗಿರಲಿಲ್ಲ. ಅದನ್ನು ಕೇಳಿದರೆ, ‘ಆಮ್ಯಾಲ ಆಗತೈತಿ ಬಿಡ’ ಎಂದು ಚಪ್ಪಲಿಯನ್ನೂ ಕಳಚದೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ನಾನು ಅಂದು ತವರಿಗೆ ಬಂದಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ಅಪ್ಪ ಗೋಡೆಗೆ ಒರಗಿ ಕುಳಿತು ಹಗ್ಗ ಹೊಸೆಯುತ್ತಿದ್ದ.

ಕಾಕಾ ಹೇಳಿದ್ದರ ತಾತ್ಪರ್ಯ ಇದು. ದೊಡ್ಡ ನಕ್ಷತ್ರ ಸತ್ತು ತನ್ನೊಳಗೆ ತಾನೇ ಕುಸಿದರೆ ಕಪ್ಪುಕುಳಿ ಆಗುತ್ತದೆ. ಒಳಗೆ ಹೋದ ಬೆಳಕೂ ಹೊರಗೆ ಬರಲಾರದು, ಅಷ್ಟು ಬಿಗಿ. ಇಂಥ ಎರಡು ಹತ್ತಿರ ಬಂದರೆ ಒಂದನ್ನೊಂದು ಸುತ್ತುತ್ತ ಸುತ್ತುತ್ತ ಕಡೆಗೆ ಕೂಡಿ ಒಂದಾಗುತ್ತವೆ. ಕೂಡುವಾಗ ಗುರುತ್ವದ ಅಲೆಗಳು ಏಳುತ್ತವೆ. ಅವು ಎಲ್ಲ ಕಡೆಗೂ ಸಮನಾಗಿ ಹೋದರೆ ಸರಿ. ಒಂದು ಕಡೆಗೆ ಹೆಚ್ಚು ಹೋದವೆಂದರೆ, ಕೂಡಿ ಒಂದಾದ ಆ ಹೊಸ ಕಪ್ಪುಕುಳಿಗೆ ಎದುರು ದಿಕ್ಕಿಗೆ ಒದೆ ಬೀಳುತ್ತದೆ.

‘ಪಂಪ್‌ಸೆಟ್ಟಿನ ಪೈಪ ನೋಡೀರಿಲ್ಲ? ನೀರು ಜೋರಲೇ ಮುಂದ ಹೋತಂದ್ರ ಪೈಪ ಹಿಂದ ಜಿಗೀತೈತಿ. ಅಗದಿ ಹಂಗ’ ಎಂದ ಕಾಕಾ. ‘ಕೆಲವೊಮ್ಮೆ ಎಂಥಾ ಒದಿಕಿ ಬೀಳತೈತಿ ಅಂದ್ರ, ಅದು ತನ್ನ ಗ್ಯಾಲಕ್ಸಿ ಬಿಟ್ಟ ಹೊರಗ ಹೊಕ್ಕೈತಿ. ಗ್ಯಾಲಕ್ಸಿ ಅಂದ್ರ ನಕ್ಷತ್ರದ ಊರು. ಹುಟ್ಟಿದ ಊರ ಬಿಟ್ಟು, ವೈನಿ, ಹೊಳ್ಳಿ ಬರದಂಗ.’

ವೈನಿ ಎಂದರೆ ಅತ್ತಿಗೆ, ನನ್ನ ಅವ್ವ. ಅವಳು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ಕೇಳಿದಳು: ‘ಊರ ಬಿಟ್ಟ ಮ್ಯಾಲ ಎಲ್ಲಿ ಇರತೈತಿ ಅದು?’

‘ಎಲ್ಲೂ ಇಲ್ಲ. ಕತ್ತಲದಾಗ ಒಂದೇ ಹೋಗತಿರತೈತಿ.’

‘ಪಾಪ. ಊಟಾ?’

‘ದಾರ್‍ಯಾಗ ಸಿಕ್ಕಿದ್ದನ್ನ ನುಂಗತೈತಿ.’

‘ಹಂಗಾದ್ರ ಚಿಂತಿಲ್ಲ’ ಎಂದು ಅವ್ವ ರೊಟ್ಟಿ ತಿರುವಿ ಹಾಕಿದಳು. ಅಪ್ಪ ಎಮ್ಮೆಗೆ ಮೇವು ಹಾಕಬೇಕು ಎಂದು ಎದ್ದು ಹೋದ. ಎಮ್ಮೆ ಆಗಲೇ ಮೇವು ತಿಂದು ಮಲಗಿತ್ತು.

ಅಪ್ಪನ ವಿಷಯ ಸ್ವಲ್ಪ ಹೇಳುತ್ತೇನೆ. ಮಾತು ಎಂಬುದು ಅವನಿಗೆ ಬಿತ್ತನೆ ಬೀಜದಂತೆ. ಬೇಕಾದಷ್ಟೇ ತೆಗೆಯುತ್ತಾನೆ, ಉಳಿದದ್ದನ್ನು ಮತ್ತೆ ಕಟ್ಟಿಡುತ್ತಾನೆ. ತಮ್ಮನ ಕಪ್ಪುಕುಳಿಗಳ ಬಗ್ಗೆ ಅವನು ಒಂದು ದಿನವೂ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕಾಕಾ ಶುರು ಮಾಡಿದ ಎಂದರೆ ಅಪ್ಪನಿಗೆ ಎಮ್ಮೆ ನೆನಪಾಗುತ್ತಿತ್ತು. ಆ ಎಮ್ಮೆ ಆ ವರ್ಷ ಒಳ್ಳೆಯ ಮೈ ಹಿಡಿಯಿತು.

ಬರೀ ಮಾತಾಗಿದ್ದರೆ ಸಹಿಸಬಹುದಿತ್ತು. ವಿಜ್ಞಾನದ ಮಾಸ್ತರ ನೋಡಿ, ಪ್ರಯೋಗ ಮಾಡದೆ ಬಿಡುತ್ತಾನೆಯೇ? ಬಿತ್ತಿಗೆಯ ಹೊತ್ತಿನಲ್ಲಿ ಅಪ್ಪ ನೆಂಟರ ಮನೆಯ ಕಾರ್ಯಕ್ಕೆಂದು ನವಲಗುಂದಕ್ಕೆ ಹೋದ. ಹೋಗುವಾಗ, ‘ಹದ ಹೋಗತೈತಿ, ಆಳು ಹಚ್ಚಿ ಸೋಯಾಬೀನ್ ಬಿತ್ತಸು’ ಎಂದು ತಮ್ಮನಿಗೆ ಹೇಳಿದ. ಆಳು ಯಾಕೆ, ನಾನೇ ಬಿತ್ತುತ್ತೇನೆ ಎಂದ ಕಾಕಾ. ಕೂರಿಗೆಗೆ ಜೋಡೆತ್ತು ಕಟ್ಟುವಾಗ ನಮ್ಮ ಭಾಗದಲ್ಲಿ ಎರಡೂ ಸಮ ಇರುವಂತೆ ನೋಡಿಯೇ ಕಟ್ಟುತ್ತಾರೆ. ಒಂದು ಜಗ್ಗಿ ಒಂದು ಹಿಂದೆ ಬಿದ್ದರೆ ಸಾಲು ಸೊಟ್ಟ ಹೋಗುತ್ತದೆ. ಇದು ಹಾಲು ಕುಡಿಯುವ ಕೂಸಿಗೂ ಗೊತ್ತು. ಕಾಕಾ ನಮ್ಮ ಗೋದಿ ಬಣ್ಣದ ದೊಡ್ಡ ಎತ್ತಿನ ಜತೆಗೆ ಬಾಜೂ ಮನೆಯವರ ಸಣ್ಣ ಹೋರಿಯನ್ನು ಕೇಳಿ ತಂದು ಕಟ್ಟಿದ. ಅಸಮ ಜೋಡಿಗೆ ಒದೆ ಬೀಳುತ್ತದೆ ಎಂಬುದನ್ನು ನನಗೆ ಕಣ್ಣಾರೆ ತೋರಿಸಬೇಕಾಗಿತ್ತು ಅವನಿಗೆ. ಅಂಗಡಿ ಮುಚ್ಚಿಸಿ ನನ್ನನ್ನು ಬದುವಿನ ಮೇಲೆ ನಿಲ್ಲಿಸಿದ್ದ.

ಮೊದಲನೆಯ ಸಾಲು ಅರ್ಧ ದಾರಿಯಲ್ಲೇ ಬಲಕ್ಕೆ ವಾಲಿತು. ‘ಕಾಕಾ, ಹಗ್ಗಾ ಜಗ್ಗು’ ಎಂದು ಕೂಗಿದೆ.

‘ಪ್ರಯೋಗದಾಗ ಕೈ ಹಾಕಬಾರದು’ ಎಂದು ಅವನೂ ಕೂಗಿದ.

ಕೈ ಹಾಕಲಿಲ್ಲ. ಕೂರಿಗೆ ಬದು ದಾಟಿತು. ಬಾಜೂ ಹೊಲದವರು ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿಕೊಂಡು ಕುಳಿತಿದ್ದವರು ತುತ್ತು ಕೈಯಲ್ಲಿ ಹಿಡಿದೇ ಎದ್ದು ನಿಂತರು. ‘ಮಾಸ್ತರ, ಎಲ್ಲಿಗಿ ಹೊಂಟೀರಿ?’ ಎಂದು ಕೇಳಿದರು. ‘ನಾ ಹೊಂಟಿಲ್ರಿ, ಅದು ಹೊಂಟೈತಿ’ ಎಂದ ಕಾಕಾ, ತೃಪ್ತಿಯಿಂದ. ಆ ವರ್ಷ ನಮ್ಮ ಸೋಯಾಬೀನ್ ಬಿಲ್ಲಿನಂತೆ ಬಾಗಿ ಬೆಳೆದು ಬಾಜೂ ಹೊಲಕ್ಕೆ ಹೊಕ್ಕಿತು. ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ತೋರಿಸಿ ತೋರಿಸಿ ಮಾತಾಡಿದರು. ಅಪ್ಪ ನವಲಗುಂದದಿಂದ ಬಂದು ಬದುವಿನ ಮೇಲೆ ಬಹಳ ಹೊತ್ತು ನಿಂತು ನೋಡಿದ. ರಾಶಿಯ ದಿನ ಬದು ದಾಟಿದಷ್ಟು ಬೆಳೆಯನ್ನು ಬಾಜೂ ಹೊಲದವರೇ ಒಯ್ಯಲಿ ಎಂದ. ಅವರು ಮುಂದಿನ ವರ್ಷವೂ ಮಾಸ್ತರರ ಕೈಯಿಂದಲೇ ಬಿತ್ತಿಸಿರಿ ಎಂದು ಕೇಳಿಕೊಂಡರು.

ಇದಾದ ಮೇಲೆ ದುಮ್ಮವಾಡದ ಮದುವೆ ಬಂತು. ಹುಡುಗನ ಕಡೆಯ ಹಿರಿಯರು ಪರವೂರಿನವರು, ಕಾಕಾನ ಮಹಿಮೆ ಅರಿಯದವರು. ಊಟಕ್ಕೆ ಮೊದಲು ಮೈಕು ಹಿಡಿದು, ‘ನಿವೃತ್ತ ಶಿಕ್ಷಕರು ಬಂದಾರ, ವಧೂವರರಿಗೆ ನಾಲ್ಕು ಆಶೀರ್ವಾದದ ಮಾತು ಹೇಳಬೇಕು’ ಎಂದುಬಿಟ್ಟರು. ಗೊತ್ತಿದ್ದವರು ಎದ್ದು ಕೈ ತೊಳೆಯಲು ಹೋದರು. ನಾನು ಕಂಬದ ಹಿಂದೆ ಸರಿದೆ. ಪತ್ರಿಕೆ ಮುದ್ರಿಸಿದವಳು ನಾನೇ, ಬಾಕಿ ಇನ್ನೂ ಬರಬೇಕಾಗಿತ್ತು.

‘ಇವತ್ತ ಎರಡು ಜೀವ ಒಂದಾದ್ವು’ ಎಂದು ಕಾಕಾ ಚೆನ್ನಾಗಿಯೇ ಶುರು ಮಾಡಿದ. ಹುಡುಗನ ತಾಯಿ ಸೆರಗು ಸರಿಮಾಡಿಕೊಂಡು ಮುಂದೆ ಬಂದು ಕುಳಿತಳು. ‘ಬ್ರಹ್ಮಾಂಡದಾಗೂ ಹಿಂಗ ಎರಡು ಕೂಡಿ ಒಂದಾಗತಾವು. ಆದರ ಒಂದಾದ ಮ್ಯಾಲ ಒದಿಕಿ ಬೀಳತೈತಿ. ಒದಿಕಿ ಬಿತ್ತಂದ್ರ ಹುಟ್ಟಿದ ಊರಾಗ ಅದಕ್ಕ ಜಾಗಾ ಇಲ್ಲ. ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲೇ ಹೊರಗ ಹೊಕ್ಕೈತಿ.’

ಹುಡುಗನ ತಾಯಿ ಅಳಲು ಶುರು ಮಾಡಿದಳು. ಇದ್ದ ಒಬ್ಬ ಮಗ, ಸೊಸೆ ಇನ್ನೂ ಹೊಸಿಲು ತುಳಿದಿಲ್ಲ, ಆಗಲೇ ಮನೆ ಬಿಟ್ಟು ಹೋಗುವ ಮಾತು. ಮೈಕಿನವನು ಬುದ್ಧಿವಂತ, ಮೈಕಿನ ವೈರು ಕಿತ್ತುಹಾಕುವವನಿದ್ದ. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಒಬ್ಬರು ಎದ್ದು ನಿಂತರು. ದುಮ್ಮವಾಡದ ಕನ್ನಡ ಶಾಲೆಯಲ್ಲಿ ಕಲಿಸುವ ಅಕ್ಕೋರು. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಹೋಗಿ, ಮಕ್ಕಳಿಲ್ಲದೆ, ಶಾಲೆಯ ಹಿಂದಿನ ಎರಡು ಖೋಲಿಯ ಮನೆಯಲ್ಲಿ ಒಬ್ಬರೇ ಇರುವವರು. ದೇಹ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಅವರಿಗೆ ಮೈಕು ಬೇಕಾಗಲಿಲ್ಲ.

‘ಸರ್, ಒಂದು ಸಂಶೇ ಐತ್ರಿ. ಎರಡೂ ಕೂಡಿ ಒಂದಾದ್ವು ಅಂದ್ರಿ. ಮತ್ತ ಒದ್ದವರು ಯಾರ್ರಿ?’

ಮಂದಿ ನಕ್ಕರು. ಕಾಕಾ ನಗಲಿಲ್ಲ. ಕಪ್ಪುಕುಳಿಯ ವಿಷಯ ಹೇಳಲು ಶುರು ಮಾಡಿದ ಮೇಲೆ ಅವನಿಗೆ ಯಾರೂ ಪ್ರಶ್ನೆ ಕೇಳಿರಲಿಲ್ಲ, ಅವ್ವನ ಊಟದ ಪ್ರಶ್ನೆ ಬಿಟ್ಟರೆ. ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಅವನು ಅಕ್ಕೋರ ಕಡೆಗೇ ತಿರುಗಿ ನಿಂತ. ‘ಯಾರೂ ಒದ್ದಿಲ್ರಿ. ಕೂಡೂ ಮುಂದ ತಾವು ಎಬ್ಬಿಸಿದ ಅಲೆನ ತಮಗ ಒದಿಕಿ ಆಗತಾವ್ರಿ.’

‘ಅಂದ್ರ ಕೂಡಿದ್ದ ತಪ್ಪಿಗೆ ತಾವ ಹೊರಗ ಬಿದ್ದಂಗ ಆತು.’

‘ಹೌದ್ರಿ.’

‘ಬಾಳ ಅನ್ಯಾಯ ಆತಲ್ರಿ ಇದು’ ಎಂದು ಅಕ್ಕೋರು ಕುಳಿತರು. ಕಾಕಾ ಮೈಕು ಕೆಳಗಿಟ್ಟ. ವಧೂವರರಿಗೆ ಆಶೀರ್ವಾದ ಮಾಡುವುದನ್ನು ಮರೆತಿದ್ದ.

ಇಷ್ಟಕ್ಕೇ ಮುಗಿದಿದ್ದರೆ ಮಂದಿ ಮರೆಯುತ್ತಿದ್ದರು. ಆದರೆ ಆ ಹುಡುಗನಿಗೆ ಅಳ್ನಾವರದ ಕಟ್ಟಿಗೆ ಅಡ್ಡೆಯಲ್ಲಿ ಕೆಲಸ ಸಿಕ್ಕಿತು. ಮಳೆಗಾಲ ಮುಗಿಯುವುದರೊಳಗೆ ಗಂಡಹೆಂಡತಿ ಪಾತ್ರೆಪಡಗ ಕಟ್ಟಿಕೊಂಡು ಹೋದರು. ಮುಗಿಯಿತು! ಕಾಕಾ ನುಡಿದದ್ದು ಆಗಿಯೇ ಆಗುತ್ತದೆ ಎಂದು ಊರೂರಿಗೆ ಸುದ್ದಿ ಹಬ್ಬಿತು. ಬಯ್ಯುತ್ತಿದ್ದ ಮಂದಿಯೇ ಈಗ ಹಣ್ಣುಕಾಯಿ ಹಿಡಿದು ಬರಲು ಶುರು ಮಾಡಿದರು. ಎಲ್ಲಿಗೆ? ನನ್ನ ಅಂಗಡಿಗೆ, ಆ ಸ್ಟೂಲಿನ ಮುಂದೆ. ‘ಮಾಸ್ತರ, ನಮ್ಮ ಸೊಸಿ ಒಲಿ ಬ್ಯಾರೆ ಮಾಡತಾಳೇನ್ರಿ?’ ಎಂದು ಕೇಳುವವರು ಒಬ್ಬರಾದರೆ, ‘ಮಗಾ ಹೊರಗ ಬೀಳದಂಗ ಏನರ ಮಾಡಿ ಕೊಡ್ರಿ’ ಎನ್ನುವವರು ಇನ್ನೊಬ್ಬರು. ‘ನಾ ಕಪ್ಪುಕುಳಿದು ಹೇಳಿದ್ನಿರಿ, ಮನಷ್ಯಾರದು ಅಲ್ಲ’ ಎಂದು ಕಾಕಾ ಹೇಳಿದಷ್ಟೂ ಅವರ ಭಕ್ತಿ ಹೆಚ್ಚಿತು. ದೊಡ್ಡವರು ಹಾಗೇ ಅಲ್ಲವೇ, ತಮ್ಮ ಶಕ್ತಿಯನ್ನು ತಾವು ಒಪ್ಪಿಕೊಳ್ಳುವುದಿಲ್ಲ.

ಒಂದು ದಿನ ಅಣ್ಣಿಗೇರಿ ಕಡೆಯ ಹೆಣ್ಣಿನ ತಂದೆಯೊಬ್ಬರು ಪತ್ರಿಕೆ ಮಾಡಿಸಲು ಬಂದರು. ದೊಡ್ಡ ಆರ್ಡರು, ಸನಾದಿ ನುಡಿಯುವ ಪತ್ರಿಕೆಯೇ ಬೇಕು ಎಂದರು. ನಾನು ಮುಂಗಡ ತೆಗೆದುಕೊಳ್ಳಲು ಕೈ ಚಾಚಿದ್ದೆ. ಅಷ್ಟರಲ್ಲಿ ಅವರು ಸ್ಟೂಲಿನ ಕಡೆ ತಿರುಗಿ, ಒದೆ ಬೀಳದಂತೆ ಕೂಡಿಸುವ ಉಪಾಯ ಇಲ್ಲವೇ ಎಂದು ಕೇಳಿದರು. ಸುಳ್ಳು ಹೇಳಲು ಬಾರದ ಮನುಷ್ಯ ನನ್ನ ಕಾಕಾ. ‘ಎರಡೂ ಸಮ ತೂಕ ಇದ್ದು, ಬ್ಯಾರೆ ಗದ್ದಲ ಏನೂ ಇಲ್ಲಂದ್ರ ಒದಿಕಿ ಇಲ್ಲ’ ಎಂದ.

ಆ ಹಿರಿಯರು ಮುಂಗಡವನ್ನು ಮತ್ತೆ ಕಿಸೆಗೆ ಹಾಕಿಕೊಂಡು ಎದ್ದರು. ಅದೇ ವಾರ ಹುಡುಗ, ಹುಡುಗಿ ಇಬ್ಬರನ್ನೂ ಕಾಳಿನ ವ್ಯಾಪಾರಿಯ ಕಾಟಾದ ಮೇಲೆ ನಿಲ್ಲಿಸಿ ತೂಗಿಸಿದರು. ಹುಡುಗ ಚಪ್ಪಲಿ ಹಾಕಿಕೊಂಡೇ ನಿಂತನಂತೆ, ಹುಡುಗಿಯ ಸೋದರಮಾವ ತೆಗೆಸಿದನಂತೆ. ಹುಡುಗ ಹಗುರಾದ. ಮದುವೆ ಬೇಡ ಎಂದು ಯಾರೂ ಅನ್ನಲಿಲ್ಲ, ಹುಡುಗ ಒಳ್ಳೆಯವನೇ, ಸ್ವಲ್ಪ ತುಪ್ಪ ತಿಂದು ಮೈ ಹಿಡಿಯಲಿ ಎಂದು ಮುಹೂರ್ತವನ್ನು ಮುಂದಕ್ಕೆ ಹಾಕಿದರು. ಹುಡುಗನ ಮನೆಯಲ್ಲಿ ದಿನಾ ಹೋಳಿಗೆ. ಹುಡುಗಿಯ ಮನೆಯಲ್ಲಿ ಅವಳಿಗೆ ಬರೀ ಮಜ್ಜಿಗೆ. ಒಂದು ದಿನ ಕಲಘಟಗಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಅವಳು ನನ್ನ ಅಂಗಡಿಯ ಮುಂದೆ ಹೋಗುವಾಗ ಒಳಗೆ ಒಮ್ಮೆ ನೋಡಿದಳು. ಆ ನೋಟ ಸ್ಟೂಲಿಗೆ ತಾಗಿ, ಉಳಿದದ್ದು ನನಗೂ ತಾಗಿತು.

ನನಗೆ ತಡೆಯಲಾಗಲಿಲ್ಲ. ‘ಕಾಕಾ, ನಾಳಿಂದ ನೀ ಅಂಗಡಿಗೆ ಬರಬ್ಯಾಡ’ ಎಂದೆ.

ಅವನು ಎದ್ದು ಛತ್ರಿ ಹುಡುಕಿದ. ‘ನೋಡು ಬೇ, ನನಗೂ ಒದಿಕಿ ಬಿತ್ತು’ ಎಂದು ಸಂತೋಷದಿಂದಲೇ ಬಸ್ಸಿಗೆ ಹೋದ.

ಮರುದಿನ ಹೊತ್ತಿಗೆ ಸರಿಯಾಗಿ ಬಂದು ಕುಳಿತಿದ್ದ. ನಾನು ಏನಾದರೂ ಅನ್ನುವ ಮೊದಲೇ ದುಮ್ಮವಾಡದ ಅಕ್ಕೋರು ಮಕ್ಕಳ ಪ್ರಶ್ನೆಪತ್ರಿಕೆ ಝೆರಾಕ್ಸ್ ಮಾಡಿಸಲು ಬಂದರು. ಕಾಕಾ ಸ್ಟೂಲು ಬಿಟ್ಟು ಎದ್ದು ನಿಂತ. ಆ ಸ್ಟೂಲನ್ನು ಅವನು ಯಾರಿಗಾದರೂ ಬಿಟ್ಟುಕೊಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು. ಅಕ್ಕೋರು ಕುಳಿತರು, ಸ್ಟೂಲು ಒಮ್ಮೆ ಕಿರ್ರೆಂದಿತು, ಇಬ್ಬರೂ ಅದನ್ನು ಕೇಳಿಸಿಕೊಳ್ಳಲಿಲ್ಲ. ‘ಸರ್, ಆ ಅನ್ಯಾಯದ ಬಗ್ಗೆ ನಾ ವಿಚಾರ ಮಾಡಿದ್ನಿರಿ’ ಎಂದು ಅವರು ಮಾತು ತೆಗೆದರು.

ಅಲ್ಲಿಂದ ಮುಂದೆ ದುಮ್ಮವಾಡದ ಶಾಲೆಯಲ್ಲಿ ಪರೀಕ್ಷೆಗಳು ಜಾಸ್ತಿಯಾದವು. ವಾರಕ್ಕೊಂದು ಪ್ರಶ್ನೆಪತ್ರಿಕೆ. ಆ ಮಕ್ಕಳನ್ನು ನೆನೆದು ನನಗೆ ಕನಿಕರವಾಗುತ್ತಿತ್ತು. ಯಂತ್ರದಿಂದ ಹಾಳೆಗಳು ಬೀಳುತ್ತಿದ್ದರೆ ಇವರಿಬ್ಬರೂ ಎದುರುಬದುರು ಕುಳಿತು ಮಾತಾಡುತ್ತಿದ್ದರು. ಕಾಕಾನಿಗೆಂದು ನಾನು ಇನ್ನೊಂದು ಸ್ಟೂಲು ಕೊಂಡೆ. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಲು ಶುರು ಮಾಡಿದ. ಗಿರಾಕಿಗಳು ಒದೆಯ ಬಗ್ಗೆ ಕೇಳಿದರೆ, ‘ಆಮ್ಯಾಲ ಬರ್ರಿ’ ಎಂದು ಕಳಿಸತೊಡಗಿದ. ಅಂಗಡಿಯ ವ್ಯಾಪಾರ ಸುಧಾರಿಸಿತು.

ಹೀಗಿರುವಾಗ ಒಂದು ಮಧ್ಯಾಹ್ನ, ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಅವನು ಗೋಡೆಯ ಮಾದರಿ ಪತ್ರಿಕೆಗಳನ್ನು ಒಂದೊಂದಾಗಿ ತಿರುವಿ ನೋಡತೊಡಗಿದ. ಸನಾದಿ ಪತ್ರಿಕೆ ತೆರೆದ, ಅದು ನುಡಿಯಿತು, ಗಾಬರಿಯಾಗಿ ಮುಚ್ಚಿದ. ‘ಸಪ್ಪಳ ಇಲ್ಲದ್ದು ಸಾದಾ ಒಂದು ಐತೇನು?’ ಎಂದು ಕೇಳಿದ.

‘ಯಾರಿಗೆ?’

‘ನನ್ನ ಗೆಳ್ಯಾಗ.’

‘ನಿನ್ನ ಗೆಳ್ಯಾರಿಗೆಲ್ಲಾ ಮೊಮ್ಮಕ್ಕಳು ಅದಾವ ಕಾಕಾ.’

ಅವನು ಸ್ಟೂಲಿನ ಮೇಲೆ ಕುಳಿತು ಬಸ್ ಸ್ಟ್ಯಾಂಡನ್ನೇ ನೋಡುತ್ತ ಹೇಳಿದ. ಅಕ್ಕೋರೇ ಕೇಳಿದರಂತೆ. ಅವರಿಗೆ ಸುತ್ತುಬಳಸಿ ಮಾತಾಡುವ ರೂಢಿ ಇಲ್ಲ. ‘ನೀವೂ ಒಬ್ರ, ನಾನೂ ಒಬ್ಬಾಕಿ. ಕೂಡಿ ಇರೂಣು ಅಂದ್ರ ಹೂಂ ಅನ್ರಿ, ಒಲ್ಲೆ ಅಂದ್ರ ಒಲ್ಲೆ ಅನ್ರಿ. ಬರೂ ಸೋಮವಾರದೊಳಗ ಹೇಳ್ರಿ, ನನಗ ತೂಗಾಡೂದು ಸೇರೂದಿಲ್ಲ’ ಎಂದರಂತೆ. ಅವರಿಗೆ ತಂಬೂರಕ್ಕೆ ಬಂದಿರಲೂ ಅಡ್ಡಿಯಿಲ್ಲ, ದುಮ್ಮವಾಡದಲ್ಲಿ ಇರಲೂ ಅಡ್ಡಿಯಿಲ್ಲ.

ನನಗೆ ನಗು ಬಂತು, ನಕ್ಕೆ. ಯಾಕೆ ನಗಬಾರದು? ಕಾಕಾ ಕಡ್ಡಿ ಪೈಲ್ವಾನ, ಗಾಳಿ ಬಿಟ್ಟರೆ ಛತ್ರಿಯೇ ಅವನನ್ನು ಹಿಡಿದುಕೊಂಡು ಹೋಗುತ್ತದೆ. ಅಕ್ಕೋರು ಬಸ್ಸಿನಲ್ಲಿ ಕುಳಿತರೆ ಸೀಟಿಗೆ ಒಬ್ಬರೇ. ಇಂಥ ಅಸಮ ಜೋಡಿಯನ್ನು ಅಣ್ಣಿಗೇರಿಯ ಆ ಹಿರಿಯರು ಕಾಟಾದ ಹತ್ತಿರವೂ ಬಿಟ್ಟುಕೊಳ್ಳುತ್ತಿರಲಿಲ್ಲ. ‘ತೂಕ ಮಾಡಿಸೀಯೇನು ಕಾಕಾ?’ ಎಂದು ಕೇಳಿದೆ.

ಅವನು ನಗಲಿಲ್ಲ. ‘ಅದ ಅಂಜಿಕಿ ನನಗ’ ಎಂದ.

ಆಗಲೂ ನಾನು ಅದನ್ನು ತಮಾಷೆ ಎಂದೇ ತಿಳಿದೆ. ಆದರೆ ಆ ಸೋಮವಾರ ತಂಬೂರಕ್ಕೆ ಹೋದೆ. ಸೋಮವಾರ ಬಸವಣ್ಣನ ವಾರ, ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅಪ್ಪ ಮಧ್ಯಾಹ್ನದ ಊಟಕ್ಕೆ ಮನೆಯಲ್ಲೇ ಇರುತ್ತಾನೆ. ಅಣ್ಣತಮ್ಮ ಇಬ್ಬರೂ ಎಂದಿನಂತೆ ಗೋಡೆಗೆ ಬೆನ್ನು ಕೊಟ್ಟು ಎದುರುಬದುರು ಕುಳಿತಿದ್ದರು. ಅವ್ವ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಅಕ್ಕೋರ ವಿಷಯ ಅಷ್ಟು ಹೊತ್ತಿಗೆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವ್ವನಿಗೆ ಮನಸ್ಸಿತ್ತು. ಅಪ್ಪ ಏನೂ ಅಂದಿರಲಿಲ್ಲ.

ಕಾಕಾ ಮುರಿದ ತುತ್ತನ್ನು ಬಾಯಿಗೆ ಇಡಲಿಲ್ಲ. ‘ಅಣ್ಣಾ, ನಾ ಇವತ್ತ ದುಮ್ಮವಾಡಕ್ಕ ಹೋಗಿ ಒಲ್ಲೆ ಅಂತ ಹೇಳಿ ಬರತೇನಿ’ ಎಂದ.

‘ಯಾಕ?’ ಎಂದ ಅಪ್ಪ.

‘ಕೂಡಿದವ್ರು ಹೊರಗ ಬೀಳತಾರ. ಈ ಮನ್ಯಾಗ ನಾನ ನೋಡೇನಲ್ಲ. ನಡುವಿನಾಂವ ಹೋಗಲಿಲ್ಲೇನು?’

ನಡುವಿನವನು ಎಂದರೆ ಇವರಿಬ್ಬರ ನಡುವೆ ಹುಟ್ಟಿದ ನನ್ನ ಇನ್ನೊಬ್ಬ ಕಾಕಾ. ನಾನು ಹುಟ್ಟುವ ಮೊದಲಿನ ಮಾತು. ಅವನ ಮದುವೆಯಾಯಿತು, ವರ್ಷ ತುಂಬುವುದರೊಳಗೆ ಒಲೆ ಬೇರೆಯಾಯಿತು, ಹಿತ್ತಲಲ್ಲಿ ಗೋಡೆ ಎದ್ದಿತು, ಮಾತು ನಿಂತಿತು. ಕಡೆಗೆ ಅವನು ತನ್ನ ಪಾಲು ಮಾರಿಕೊಂಡು ಹೆಂಡತಿಯ ಊರ ಕಡೆ ಹೋದವನು ತಿರುಗಿ ಬರಲೇ ಇಲ್ಲ. ಅವನ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ತೆಗೆಯುವುದಿಲ್ಲ. ಅವನು ಗಾಡಿ ಹತ್ತಿದ ದಿನ ಕೊನೆಯ ತಮ್ಮ ಇನ್ನೂ ಕಾಲೇಜು ಓದುವ ಹುಡುಗ, ಕಟ್ಟೆಯ ಮೇಲೆ ನಿಂತು ನೋಡಿದ್ದನಂತೆ.

‘ನಾ ಈ ಮನಿ ಬಿಟ್ಟು ಎಲ್ಲೂ ಇದ್ದಾಂವ ಅಲ್ಲಣ್ಣಾ’ ಎಂದ ಕಾಕಾ. ‘ಅಕಿ ಒಳ್ಳೇಕಿ, ಅಕಿ ತಪ್ಪಿಲ್ಲ. ಯಾರೂ ಒದಿಯೂದು ಬ್ಯಾಡ, ತಾನ ಆಗತೈತಿ ಅದು. ಇಂದಿಲ್ಲ ನಾಳೆ ಒಂದು ಮಾತು ಬರತೈತಿ, ನಾ ಹೊರಗ ಬೀಳತೇನಿ. ಈ ವಯಸ್ಸಿನಾಗ ಹೊರಗ ಬಿದ್ರ ನನಗ ಬದುಕಾಕ ಬರೂದಿಲ್ಲ.’

ಇಷ್ಟು ವರ್ಷ ಅವನ ಬಾಯಲ್ಲಿ ಹೊರಗೆ ಬೀಳುತ್ತಿದ್ದದ್ದು ಕಪ್ಪುಕುಳಿ. ಅಂದು ಮೊದಲ ಸಲ ಅವನು ನಾನು ಎಂದಿದ್ದ. ಧಾರವಾಡದ ಆ ಭಾಷಣದಲ್ಲಿ ಅವನಿಗೆ ಹಿಡಿಸಿದ್ದು ವಿಜ್ಞಾನವಲ್ಲ, ತನ್ನ ಅಂಜಿಕೆಗೆ ಅಲ್ಲೊಂದು ಕಾರಣ ಸಿಕ್ಕಿತ್ತು. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಎಮ್ಮೆಗೆ ಮೇವು ಹಾಕಲು ಅಪ್ಪ ಈಗ ಎದ್ದು ಹೋಗುತ್ತಾನೆ ಎಂದುಕೊಂಡೆ. ಅವನು ಏಳಲಿಲ್ಲ.

‘ಎಲ್ಲಾ ಕಪ್ಪುಕುಳಿನೂ ಹೊರಗ ಹೊಕ್ಕಾವೇನು?’ ಎಂದು ಕೇಳಿದ.

ನಾವು ಮೂವರೂ ಅವನ ಮುಖ ನೋಡಿದೆವು. ಆ ಶಬ್ದ ಅವನ ಬಾಯಿಂದ ಬಂದದ್ದು ಅದೇ ಮೊದಲು.

‘ಎಲ್ಲಾ ಇಲ್ಲ’ ಎಂದ ಕಾಕಾ, ಮಾಸ್ತರಿಕೆಯ ರೂಢಿಯಿಂದ. ‘ಗ್ಯಾಲಕ್ಸಿ ಹಗುರ ಇದ್ರ ಹೊಕ್ಕಾವು.’

‘ಭಾರ ಇದ್ರ?’

‘ಭಾರ ಇದ್ರ...’ ಕಾಕಾ ತಡೆದು ತಡೆದು ಹೇಳಿದ. ‘ಭಾರ ಇದ್ರ ಅದು ಬಿಡೂದಿಲ್ಲ. ಒಂದೀಟು ದೂರ ಹೋಗಗೊಟ್ಟು ಹೊಳ್ಳಿ ಜಗ್ಗತೈತಿ. ಅತ್ತಾಗ ಇತ್ತಾಗ ಓಲ್ಯಾಡಿ, ಕಡೀಕ ನಟ್ಟನಡುವ ಬಂದು ನಿಂದರತೈತಿ.’

ಅಪ್ಪ ತಟ್ಟೆಯಲ್ಲೇ ಕೈ ತೊಳೆದ. ಹೆಗಲ ಮೇಲಿನ ವಲ್ಲಿಯಿಂದ ಬೆರಳು ಬೆರಳನ್ನೂ ಒರೆಸಿದ.

‘ಅಂವ ಹೋದಾಗ ಈ ಮನಿ ಹಗುರ ಇತ್ತು. ನನಗ ಸಣ್ಣ ವಯಸ್ಸು, ಸಿಟ್ಟು ಬಾಳ. ಹೋಗಬ್ಯಾಡೋ ಅನ್ನೂದು ನನಗ ಬಾಯಿಗೆ ಬರಲಿಲ್ಲ. ಗಾಡಿ ಓಣಿ ದಾಟೂತನಾ ಬಾಯಿಗೆ ಬರಲಿಲ್ಲ.’ ಅಪ್ಪ ವಲ್ಲಿಯನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ‘ಈಗ ಹಗುರ ಇಲ್ಲ ತಮ್ಮಾ. ನೀ ಎಷ್ಟು ದೂರ ಹೊಕ್ಕೀ ಹೋಗು, ನಾ ಹೊಳ್ಳಿ ಜಗ್ಗತೇನಿ.’

ಕಾಕಾ ತಲೆ ತಗ್ಗಿಸಿ ಕುಳಿತ. ಎಲ್ಲದಕ್ಕೂ ವಿವರಣೆ ಇದ್ದ ಮನುಷ್ಯನ ಕಣ್ಣೀರು ಪಲ್ಯದಲ್ಲಿ ಬಿತ್ತು. ನಾನೂ ಅತ್ತೆ, ಅದರಲ್ಲಿ ನಾಚಿಕೆ ಏನು? ಇಷ್ಟು ವರ್ಷ ತಮ್ಮನ ಮಾತಿಗೆ ಎದ್ದು ಹೋಗುತ್ತಿದ್ದ ಅಪ್ಪ, ಕೊಟ್ಟಿಗೆಯ ಗೋಡೆಯ ಆಚೆ ನಿಂತು ಅಷ್ಟನ್ನೂ ಕೇಳಿಸಿಕೊಂಡಿದ್ದ.

ಅವ್ವ ಕಾಕಾನ ತಟ್ಟೆ ಬದಲಿಸಿ ಬಿಸಿ ರೊಟ್ಟಿ ಹಾಕಿದಳು. ಅಪ್ಪ ಎದ್ದು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ, ತಿರುಗಿ ನೋಡದೆ ಹೇಳಿದ:

‘ಉಂಡು ದುಮ್ಮವಾಡಕ್ಕ ಹೋಗು. ಹೂಂ ಅಂತ ಹೇಳು. ಹೊತ್ತು ಮುಣುಗೂದ್ರಾಗ ಮನಿಗೆ ಬಾ.’